ಯೊಕು ಅಂದರೆ ಎಷ್ಟು ಸಲ?

ಹಗಿಯಾ ವಸತಿಗೃಹದ ಸ್ನಾನದ ಮನೆಯ ಮುಂದೆ ಚಿಗುಸಾ ಇಂಗ್ಲಿಷಿನಲ್ಲಿ ಫಲಕ ಬರೆದು ತೂಗುಹಾಕಿ ಮೂರು ದಿನವೂ ಆಗಿರಲಿಲ್ಲ. ಸ್ಕಾಟ್ಲೆಂಡಿನಿಂದ ಬಂದಿದ್ದ ಗಂಡಹೆಂಡತಿ ಬಿಸಿನೀರಿನ ಕೊಳದಿಂದ ಎದ್ದವರು, ಒದ್ದೆ ಮೈ ಮೇಲೇ ಯುಕಾತಾ ಎಂಬ ಹತ್ತಿಯ ನಿಲುವಂಗಿ ಸುತ್ತಿಕೊಂಡು, ಹಜಾರದ ಉದ್ದಕ್ಕೂ ನೀರು ಸುರಿಸುತ್ತ ನಡೆದುಬಂದರು. ಕೊಟ್ಟ ಟವೆಲ್ಲು ಮಡಿಕೆ ಮುರಿಯದೆ ಗಂಡನ ಕೈಯಲ್ಲಿ ಹಾಗೇ ಇತ್ತು. ಅವನು ಅದನ್ನು ಕಚೇರಿಯ ಮೇಜಿನ ಮೇಲಿಟ್ಟು, ಫಲಕದ ಕಡೆ ಬೆರಳು ತೋರಿಸಿ, ಬಹಳ ಮರ್ಯಾದೆಯಿಂದ ಏನೋ ಕೇಳಿದ. ಚಿಗುಸಾಗೆ ಅದರಲ್ಲಿ 'ಆಫನ್' ಅನ್ನುವ ಒಂದೇ ಪದ ಹಿಡಿಯಿತು. ತಾನು ಬರೆದದ್ದನ್ನು ಓದಿ ಮೆಚ್ಚಿಕೊಂಡಿದ್ದಾನೆ ಎಂದು ಹಿಗ್ಗಿ, ಸೊಂಟ ಬಗ್ಗಿಸಿ, "ಯೆಸ್! ಆಫನ್, ಆಫನ್!" ಅಂದಳು.

ಮಾರನೆಯ ದಿನ ಬೆಳಗಿನ ಊಟದಲ್ಲಿ ಆ ಹೆಂಗಸು ಸುಟ್ಟ ಮೀನಿನ ಪಕ್ಕದಲ್ಲಿ ಚಿಗುಸಾ ಬರೆದಿಟ್ಟಿದ್ದ ಇಂಗ್ಲಿಷ್ ಚೀಟಿ ಓದಿದಳು, ಮೀನನ್ನು ನೋಡಿದಳು, ಮತ್ತೆ ಚೀಟಿ ಓದಿದಳು. ಆಮೇಲೆ ಬರೀ ಅನ್ನ ಉಪ್ಪಿನಕಾಯಿ ತಿಂದು ಎದ್ದಳು. ಎರಡು ದಿನ ಇರಬೇಕಾದವರು ಒಂದೇ ದಿನಕ್ಕೆ ಪೆಟ್ಟಿಗೆ ಕಟ್ಟಿ ಹೊರಟೇಬಿಟ್ಟರು.

ಅತ್ತೆ ಫುಸಾಗೆ ಇಂಗ್ಲಿಷಿನ ಒಂದಕ್ಷರ ಬಾರದು. ಆದರೆ ಅತಿಥಿಯ ಬೆನ್ನು ನೋಡಿ ಅವನು ಖುಷಿಯಿಂದ ಹೋಗುತ್ತಿದ್ದಾನೋ ಮುನಿಸಿಕೊಂಡೋ ಅಂತ ಹೇಳಬಲ್ಲ ಹೆಂಗಸು. ಎಪ್ಪತ್ತೆಂಟು ವರ್ಷದ ದೊಡ್ಡ ಯಜಮಾನಿ. ಬೆನ್ನು ಬಾಗಿದೆ, ನಾಲಿಗೆ ಒಂದಿಷ್ಟೂ ಬಾಗಿಲ್ಲ.

"ಏನೇ ಬರೆದೆ ಅವರಿಗೆ? ಬೈದು ಗಿಯ್ದು ಬರೆದ್ಯಾ?"

"ಇಲ್ಲಮ್ಮ, ಟವೆಲ್ಲು ಚೆನ್ನಾಗಿ ಒಗೆದಿದೀವಿ, ಬಳಸಿ ಅಂತ ಬರೆದಿದ್ದೆ ಅಷ್ಟೆ."

"ಚೆನ್ನಾಗಿ ಒಗೆದಿದ್ದಕ್ಕೆ ಯಾರಾದ್ರೂ ಓಡಿಹೋಗ್ತಾರಾ? ನಾನು ಐವತ್ತು ವರ್ಷದಿಂದ ಒಗೀತಾ ಇದೀನಿ, ಒಬ್ಬನೂ ಓಡಿಲ್ಲ. ನೀನು ಒಗೆದಿದೀನಿ ಅಂತ ಹೇಳಿದ್ದೇ ತಡ, ಓಡಿದ್ರು."

ಚಿಗುಸಾ ಹಜಾರದಲ್ಲಿ ಒಣಗಿ ಉಳಿದಿದ್ದ ನೀರಿನ ಕಲೆ ಒರೆಸತೊಡಗಿದಳು. ನಲವತ್ತೊಂಬತ್ತು ವರ್ಷದ ಹೆಂಗಸು. ಈ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷ. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡು ನಾಲ್ಕು ವರ್ಷವಾಯಿತು. ಅಂದಿನಿಂದ ಒಂಬತ್ತು ಕೋಣೆಗಳ ಈ ಮನೆಯಲ್ಲಿ ಉಳಿದವರು ಅತ್ತೆ, ಸೊಸೆ, ಮತ್ತು ನೆಲದಡಿಯಿಂದ ಗಂಧಕದ ವಾಸನೆ ಹೊತ್ತು ಬರುವ ಬಿಸಿನೀರು.

ಇಪ್ಪತ್ತೆರಡು ವರ್ಷದಲ್ಲಿ ಫುಸಾ ಬಾಯಿಂದ ಸೊಸೆಯ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಬಿದ್ದಿರಲಿಲ್ಲ. ಬೈಗುಳಕ್ಕೇನು ಕೊರತೆ? ಅನ್ನ ಮುದ್ದೆಯಾದರೆ ಬೈಗುಳ, ಉದುರಾದರೆ ಬೈಗುಳ. ಗಂಡ ಇದ್ದಾಗ ಅವನು ಅಮ್ಮನ ಬೆನ್ನ ಹಿಂದೆ ನಿಂತು ಕಣ್ಣು ಮಿಟುಕಿಸುತ್ತಿದ್ದ, ಇವಳು ನಕ್ಕು ಸುಮ್ಮನಾಗುತ್ತಿದ್ದಳು. ಈಗ ಕಣ್ಣು ಮಿಟುಕಿಸುವವರಿಲ್ಲ. ಬೈಗುಳ ಸೀದಾ ಬಂದು ಎದೆಗೇ ತಾಗುತ್ತಿತ್ತು.

ಇದೇ ಹೊತ್ತಿಗೆ ನಾಗೊಯಾದಿಂದ ಅಕ್ಕ ಕಾಸುಮಿಯ ಫೋನು. ಅವಳದು ಊಟದ ಡಬ್ಬಿ ಕಟ್ಟಿಕೊಡುವ ಅಂಗಡಿ.

"ನೋಡು, ಇನ್ನೂ ಎಷ್ಟು ದಿನ ಆ ಮುದುಕಿ ಹತ್ರ ಬೈಸ್ಕೊಂಡು ಇರ್ತೀಯಾ? ನಿನ್ನ ಗಂಡನೇ ಇಲ್ಲ ಅಲ್ಲಿ. ಅಂಗಡಿ ಮೇಲೆ ಕೋಣೆ ಖಾಲಿ ಇದೆ, ಬಾ. ಶುಕ್ರವಾರದೊಳಗೆ ಹೇಳು. ಇಲ್ದಿದ್ರೆ ನಾನು ಬೇರೆಯವಳನ್ನ ಇಟ್ಕೋತೀನಿ, ಆಮೇಲೆ ನನ್ನ ಮೇಲೆ ಮುನಿಸ್ಕೋಬೇಡ."

"ಹೇಳ್ತೀನಿ ಅಕ್ಕ."

"ಅಲ್ಲ ಕಣೇ, ಅಲ್ಲಿ ನೀನು ಯಾರಿಗೆ ಬೇಕು ಹೇಳು!"

ಕಾಸುಮಿ ಪ್ರೀತಿಯಿಂದಲೇ ಕೇಳಿದ್ದು. ಆದರೆ ಆ ಪ್ರಶ್ನೆ ಚಿಗುಸಾಳ ತಲೆಯಲ್ಲಿ ಕೂತುಬಿಟ್ಟಿತು. ಕೆಲಸಕ್ಕೆ ತಾನು ಬೇಕು, ಅದು ಗೊತ್ತು. ಕೆಲಸಕ್ಕೆ ಯಾರಾದರೂ ಆಗುತ್ತಾರೆ. ಗಂಡನಿಲ್ಲದ ಈ ಮನೆಗೆ ತಾನು, ಈ ಚಿಗುಸಾ ಅನ್ನುವವಳು ಬೇಕೋ ಬೇಡವೋ? ಅದೊಂದು ಗೊತ್ತಾಗಿಬಿಟ್ಟರೆ ಶುಕ್ರವಾರ ಅಕ್ಕನಿಗೆ ಹೇಳಬಹುದಿತ್ತು, ಬರುತ್ತೇನೆ ಅಂತಲೋ ಬರುವುದಿಲ್ಲ ಅಂತಲೋ. ಆದರೆ ಇದನ್ನೆಲ್ಲ ಅತ್ತೆಯ ಹತ್ತಿರ ಹೋಗಿ ಕೇಳುವುದುಂಟೇ! ಈ ನುಕುಮಿಯಂಥ ಬೆಟ್ಟದ ಊರಲ್ಲಿ ಅಂಥದ್ದನ್ನು ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಹವಾಮಾನದ ವಿಷಯ ತೆಗೆಯುತ್ತಾರೆ.

ಬುಧವಾರ ಬೆಳಿಗ್ಗೆ ಸಮುದಾಯ ಭವನದಲ್ಲಿ ಮುರೋಯಿ ಮೇಷ್ಟ್ರ ಇಂಗ್ಲಿಷ್ ಪಾಠ. ಊರಿನ ವಸತಿಗೃಹಗಳ ಹೆಂಗಸರು ಏಳೆಂಟು ಜನ, ಅಂಚೆಮನೆಯಿಂದ ನಿವೃತ್ತನಾದ ಒಬ್ಬ. ಮುರೋಯಿ ಮೇಷ್ಟ್ರು ಮೂವತ್ತೆಂಟು ವರ್ಷ ಮಾಧ್ಯಮಿಕ ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಟ್ಟವರು. ಬಿಳಿಯರ ಎದುರು ಬಾಯಿ ಬಿಡಲು ಈಗಲೂ ಹೆದರುತ್ತಾರೆ, ಆದರೆ ವ್ಯಾಕರಣ ಅಂದರೆ ಪ್ರಾಣ. ಊರಿನ ವಸತಿಗೃಹಗಳ ಸಂಘದವರು ಇಂಗ್ಲಿಷಿನಲ್ಲಿ ಒಂದು ಕಿರುಪುಸ್ತಕ ಅಚ್ಚು ಹಾಕಿಸುತ್ತಿದ್ದರು. ಪ್ರತಿ ಮನೆಗೆ ಆರು ವಾಕ್ಯ. ಅದರಲ್ಲಿ ಒಂದು ವಾಕ್ಯ ಆ ಮನೆಯ ಯಜಮಾನಿಯ ಬಗ್ಗೆ. ಅದನ್ನೂ ಶುಕ್ರವಾರದೊಳಗೇ ಕೊಡಬೇಕು. ಶುಕ್ರವಾರಕ್ಕೆ ಅದೇನು ಗ್ರಹಚಾರವೋ, ಎಲ್ಲಾ ಅವತ್ತೇ.

ಚಿಗುಸಾ ತನ್ನ ಫಲಕವನ್ನು ಬಟ್ಟೆಯಲ್ಲಿ ಸುತ್ತಿ ತಂದು ಮೇಷ್ಟ್ರ ಮುಂದೆ ಬಿಚ್ಚಿದಳು. ಮೇಷ್ಟ್ರು ಕನ್ನಡಕ ಏರಿಸಿ ಓದಿದರು. ಭುಜ ಅಲುಗತೊಡಗಿತು. ಮೊದಲು ಅಳುತ್ತಿದ್ದಾರೆ ಅಂದುಕೊಂಡರು ಎಲ್ಲರೂ. ನೋಡಿದರೆ ಮನುಷ್ಯ ನಗು ತಡೆಯಲಾರದೆ, ಹಲ್ಲಿನ ಸೆಟ್ಟು ಜಾರದಂತೆ ಬಾಯಿಗೆ ಕೈ ಅಡ್ಡ ಹಿಡಿದಿದ್ದಾರೆ.

"ಚಿಗುಸಾ ಸಾನ್, ಇದರಲ್ಲಿ ಏನಿದೆ ಗೊತ್ತಾ? 'ಆಗಾಗ ಒಗೆಯಲಾಗುವ ಟವೆಲ್ಲನ್ನು ದಯವಿಟ್ಟು ಬಳಸಿ' ಅಂತಿದೆ!"

"ಅಯ್ಯೋ!"

"ಬೇರೆ ಯಾವುದಕ್ಕಾದ್ರೂ ಹೀಗೇ ಬರೆದ್ರಾ?"

"ಸುಟ್ಟ ಮೀನಿಗೂ ಬರೆದೆ ಮೇಷ್ಟ್ರೇ."

"ಹಾಗಾದ್ರೆ ಆಗಾಗ ಸುಡಲಾಗುವ ಮೀನು! ಪಾಪ, ಆ ಮೀನಿನ ಗತಿ!"

ಅಂಚೆಯವನು ಮೇಜು ಗುದ್ದಿ ನಕ್ಕ. ಹೆಂಗಸರು ಹೊಟ್ಟೆ ಹಿಡಿದುಕೊಂಡರು. ಚಿಗುಸಾಗೆ ಮೊದಲು ನಾಚಿಕೆಯಾಯಿತು, ಆಮೇಲೆ ಒದ್ದೆ ಗಂಡಹೆಂಡತಿ ನೆನಪಾಗಿ ಅವಳಿಗೂ ನಗು ತಡೆಯಲಿಲ್ಲ.

ತಪ್ಪೆಲ್ಲ 'ಯೊಕು' ಅನ್ನುವ ಪದದ್ದು. ಇಲ್ಲಿನವರ ಬಾಯಲ್ಲಿ ಚೆನ್ನಾಗಿ ಅನ್ನುವುದಕ್ಕೂ ಯೊಕು, ಆಗಾಗ ಅನ್ನುವುದಕ್ಕೂ ಯೊಕು. ಯೊಕು ಒಗೆದ ಟವೆಲ್ಲು ಅಂದರೆ ಚೆನ್ನಾಗಿ ಒಗೆದದ್ದು ಅಂತ ಇಲ್ಲಿ ಹಸುಗೂಸಿಗೂ ಗೊತ್ತು. ಚಿಗುಸಾ ನಿಘಂಟು ತೆಗೆದಳು, ಮೊದಲು ಕಂಡದ್ದು 'ಆಫನ್', ತೆಗೆದು ಬರೆದಳು. ಮುಗಿಯಿತಲ್ಲ ಕಥೆ.

"ಆದರೆ ಒಂದು ಮಾತು," ಅಂದರು ಮೇಷ್ಟ್ರು ಕಣ್ಣೊರೆಸಿಕೊಂಡು. "ಪದ ತಪ್ಪಿದರೂ ಅದನ್ನ ಇಟ್ಟ ಜಾಗ ಮಾತ್ರ ಸರಿಯಾಗಿದೆ. ಇದನ್ನ ಎಲ್ಲರೂ ನೋಡ್ಕೊಳ್ಳಿ. 'ಈಸ್' ಅನ್ನೋದು ಅಪ್ಪ. 'ವಾಶ್ಡ್' ಅನ್ನೋದು ಅಮ್ಮ. ಎಷ್ಟು ಸಲ ಅಂತ ಹೇಳೋ ಪದ ಇದೆಯಲ್ಲ, ಅದು ಮಗು. ರಾತ್ರಿ ಮಗು ಎಲ್ಲಿ ಮಲಗತ್ತೆ?"

"ಇಬ್ಬರ ಮಧ್ಯೆ!" ಅಂದಿತು ಇಡೀ ತರಗತಿ.

"ಹಾಂ. ಅಪ್ಪನ ಆಚೆಗೆ ಮಲಗಿಸಿದ್ರೆ ಚಳಿ, ಅಮ್ಮನ ಆಚೆಗೆ ಮಲಗಿಸಿದ್ರೆ ಹಾಸಿಗೆಯಿಂದ ಉರುಳಿ ಬೀಳತ್ತೆ. ಮಧ್ಯೆ ಮಲಗಿಸಿ, ನಿಶ್ಚಿಂತೆಯಾಗಿರಿ."

ಆಮೇಲೆ ಕಪ್ಪು ಹಲಗೆಯ ಮೇಲೆ ಏಣಿಯೊಂದನ್ನು ಬರೆದು ಮೆಟ್ಟಿಲಿಗೊಂದರಂತೆ ಆರು ಪದ ಕೂರಿಸಿದರು. ಅಡಿಯಲ್ಲಿ ಎಂದಿಗೂ ಇಲ್ಲ. ಅದರ ಮೇಲೆ ಅಪರೂಪಕ್ಕೆ, ಕೆಲವೊಮ್ಮೆ, ಆಗಾಗ, ಸಾಮಾನ್ಯವಾಗಿ. ತುತ್ತತುದಿಯಲ್ಲಿ 'ಆಲ್ವೇಸ್', ಯಾವಾಗಲೂ.

"ಇಂಗ್ಲಿಷ್ ಬಹಳ ಅಧಿಕಪ್ರಸಂಗಿ ಭಾಷೆ ಕಣ್ರಮ್ಮ. ನಾವು ಯೊಕು ಅಂದು ತಲೆ ಅಲ್ಲಾಡಿಸಿದ್ರೆ ಆಯ್ತು. ಅವರು ಬಿಡಲ್ಲ. ಚೆನ್ನಾಗೋ, ಆಗಾಗಲೋ? ಆಗಾಗ ಅಂದ್ರೆ ಈ ಏಣೀಲಿ ಎಷ್ಟನೇ ಮೆಟ್ಟಿಲು? ಅದು ಸಾಲದು ಅಂತ, ಯಾರು ಮಾಡಿದ್ದು, ಯಾರಿಂದ ಆಗಿದ್ದು? ಹಿಂದುಗಡೆ 'ಬೈ' ಅಂತ ಹಾಕಿ ಆ ಮನುಷ್ಯನ ಹೆಸರು ಹೇಳಿ ಅಂತಾರೆ."

ಈ 'ಬೈ' ಕನ್ನಡದ ಕಿವಿಗೆ ಬೇರೆ ಥರ ಕೇಳಿಸಿದರೆ ತಪ್ಪು ಮೇಷ್ಟ್ರದಲ್ಲ. ಚಿಗುಸಾ ಅಷ್ಟನ್ನೂ ಪುಸ್ತಕದಲ್ಲಿ ಬರೆದುಕೊಂಡಳು.

ಮಧ್ಯಾಹ್ನ ಮನೆಗೆ ಬಂದಾಗ ಫುಸಾ ಅಡುಗೆಮನೆಯ ಚಾಪೆಯ ಮೇಲೆ ಕೂತು ಸೇವಂತಿಗೆಯ ಎಸಳು ಬಿಡಿಸುತ್ತಿದ್ದರು. ನಮ್ಮ ಕಡೆ ಮುಡಿಯುವ ಹೂವು, ಇಲ್ಲಿ ಹುಳಿನೀರಲ್ಲಿ ಬೇಯಿಸಿ ತಿನ್ನುವ ಪಲ್ಯ. ನೇರಳೆ ಎಸಳಿನ ರಾಶಿ ಮೊಣಕಾಲೆತ್ತರ ಬೆಳೆದಿತ್ತು. ಚಿಗುಸಾ ಎದುರು ಕೂತು ತಾನೂ ಒಂದು ಹೂವು ಎತ್ತಿಕೊಂಡಳು, ಪಕ್ಕದಲ್ಲಿ ನೋಟುಬುಕ್ಕು ಬಿಚ್ಚಿಟ್ಟಳು.

"ಅಮ್ಮ, ಸಂಘದ ಪುಸ್ತಕಕ್ಕೆ ನೀವು ಹೇಳಿ, ನಾನು ಬರ್ಕೋತೀನಿ."

"ನಾನು ಹೇಳೋದು, ನೀನು ಬರೆಯೋದು, ಓದಿದವರು ಓಡಿಹೋಗೋದು. ಆಯ್ತು, ಬರ್ಕೋ."

ಬಿಸಿನೀರಿನ ಬಗ್ಗೆ ಹೇಳಿದರು, ಅನ್ನದ ಬಗ್ಗೆ ಹೇಳಿದರು, ಮಹಡಿಯ ಕಿಟಕಿಯಿಂದ ಕಾಣುವ ಕಣಿವೆಯ ಬಗ್ಗೆ ಹೇಳಿದರು. ಐದು ವಾಕ್ಯ ಸರಾಗವಾಗಿ ಮುಗಿಯಿತು. ಆರನೆಯದು ಯಜಮಾನಿಯದು.

"ಇದಕ್ಕೆ ನಿಮ್ಮ ಬಗ್ಗೆ ಬರೀತೀನಿ."

"ನನ್ನ ಬಗ್ಗೆ ಏನಕ್ಕೆ? ಆ ಪುಸ್ತಕ ಅಚ್ಚಾಗೋಷ್ಟರಲ್ಲಿ ನಾನು ಇರ್ತೀನೋ ಇಲ್ವೋ. ನಿನ್ನ ಬಗ್ಗೆ ಬರಿ."

ಚಿಗುಸಾಳ ಕೈಯ ಹೂವು ಹಾಗೇ ನಿಂತಿತು. "ನನ್ನ ಬಗ್ಗೆ ಏನು ಬರೆಯೋದು?"

ಫುಸಾ ತಲೆ ಎತ್ತಲಿಲ್ಲ. ಎರಡು ಹೂವು ಬಿಡಿಸಿದರು, ಮೂರನೆಯದನ್ನು ಎತ್ತಿಕೊಂಡು ಸರಸರನೆ ಹೇಳಿ ಮುಗಿಸಿದರು.

"'ಚಿಗುಸಾ, ಯೊಕು ನೆಚ್ಚಿಕೊಂಡಿರೋ ಸೊಸೆ.' ಅಷ್ಟೇ. ಬರಿ."

ಕಿವಿ ತಪ್ಪಿ ಕೇಳಿಸಿತೇ? ಬೇರೆ ದಿನವಾಗಿದ್ದರೆ ಆ ಮಾತನ್ನು ಹಾಗೇ ಎತ್ತಿ ಜೋಪಾನವಾಗಿ ಇಟ್ಟುಕೊಂಡು ಸುಮ್ಮನಾಗುತ್ತಿದ್ದಳು. ಆದರೆ ಬೆಳಿಗ್ಗೆಯ ಪಾಠ ತಲೆಯಲ್ಲಿ ಇನ್ನೂ ಬಿಸಿಯಾಗಿತ್ತು. ಮತ್ತೊಮ್ಮೆ ಯೊಕು ಕೈಗೆ ಸಿಕ್ಕಿ ಟವೆಲ್ಲಿನ ಗತಿ ತನಗೂ ಆಗುವುದು ಬೇಡ.

"ಅಮ್ಮ, ಈ ಯೊಕು ಯಾವ ಯೊಕು?"

"ಯೊಕು ಅಂದ್ರೆ ಯೊಕು."

"ಇಂಗ್ಲಿಷಲ್ಲಿ ಹಾಗೆ ನಡಿಯಲ್ವಂತೆ. ಚೆನ್ನಾಗಿ ನೆಚ್ಚಿಕೊಂಡಿರೋದೋ, ಆಗಾಗ ನೆಚ್ಚಿಕೊಳ್ಳೋದೋ? ಆಗಾಗ ಅಂದ್ರೆ ಎಷ್ಟು ಸಲ ಅಂತ ಹೇಳ್ಬೇಕಂತೆ. ಆರು ಮೆಟ್ಟಿಲಿದೆ, ನೋಡಿ." ಚಿಗುಸಾ ಏಣಿಯ ಚಿತ್ರವನ್ನು ಅತ್ತೆಯ ಕಡೆ ತಿರುಗಿಸಿದಳು.

ಫುಸಾ ಮೀನುಪೇಟೆಯಲ್ಲಿ ಮೀನು ನೋಡುವ ಹಾಗೆ ಮೂಗು ಸೊಟ್ಟ ಮಾಡಿ ನೋಡಿದರು. "ಕೆಳಗಡೆ ಇರೋದೇನು?"

"ಎಂದಿಗೂ ಇಲ್ಲ ಅಂತ."

"ಅದು ಅಲ್ಲ. ಅದರ ಮೇಲಿಂದು?"

"ಅಪರೂಪಕ್ಕೆ."

"ಅದೂ ಅಲ್ಲ." ಒಂದು ಹೂವು ಬಿಡಿಸಿದರು. "ಅದರ ಮೇಲಿಂದು?"

"ಕೆಲವೊಮ್ಮೆ."

"ಕೆಲವೊಮ್ಮೆ ನೆಚ್ಚಿಕೊಳ್ಳೋಕೆ ನೀನೇನು ಕೊಡೆಯಾ? ಮುಂದಕ್ಕೆ ಓದು."

'ಆಗಾಗ' ಅಂತ ಓದಿದಳು, ಅತ್ತೆ ಅಲ್ಲ ಅಂತ ತಲೆಯಾಡಿಸಿದರು. 'ಸಾಮಾನ್ಯವಾಗಿ' ಅಂತ ಓದಿದಳು, ಅದಕ್ಕೂ ಅಲ್ಲ ಅಂದರು.

"ಇನ್ನೊಂದೇ ಇರೋದು ಅಮ್ಮ. ಯಾವಾಗಲೂ."

"ಅದನ್ನೇ ಬರಿ ಮತ್ತೆ. ಒಂದೇ ಉಳಿದಿದ್ರೆ ಕೇಳೋದೇನು?"

ಚಿಗುಸಾ ಬರೆದಳು. 'ಆಲ್ವೇಸ್'. ಅದನ್ನು 'ಈಸ್' ಮತ್ತು 'ರಿಲೈಡ್ ಆನ್' ಎರಡರ ಮಧ್ಯೆ, ಮಗುವನ್ನು ಮಲಗಿಸುವಂತೆ ಮಲಗಿಸಿದಳು. ಇಷ್ಟಕ್ಕೇ ಸಾಕು ಅನ್ನಿಸಿತು. ಆದರೂ ಕೇಳಿಯೇಬಿಟ್ಟಳು.

"ಯಾರಿಂದ ಅಂತಲೂ ಹಾಕ್ಬೇಕಂತೆ. ನೆಚ್ಚಿಕೊಂಡಿರೋದು ಯಾರು?"

"ಅತಿಥಿಗಳು!" ಅಂದರು ಫುಸಾ ಥಟ್ಟನೆ.

"ಅತಿಥಿಗಳು ಒಂದು ದಿನ ಇದ್ದು ಹೋಗ್ತಾರೆ. ಅವರು ಯಾವಾಗಲೂ ಹೇಗೆ ನೆಚ್ಚಿಕೊಂಡಿರ್ತಾರೆ? ಮೇಷ್ಟ್ರು ತಪ್ಪು ಅಂತಾರೆ."

"ಹಾಗಾದ್ರೆ ಊರಿನವರು."

"ಊರಿನವರು ನನ್ನನ್ನ ಸಂಘದ ಸಭೆಗೆ ಟೀ ಕಾಯಿಸೋಕೆ ಕರೀತಾರೆ. ಅದು ಆಗಾಗ. ಯಾವಾಗಲೂ ಅಲ್ಲ."

"ಏನೇ ಇದು, ಪೊಲೀಸರ ಥರ! ಹೂವು ಬಾಡ್ತಾ ಇದೆ, ಬಿಡಿಸು."

ಚಿಗುಸಾ ಬಿಡಿಸಲಿಲ್ಲ. ಪೆನ್ನು ಹಿಡಿದು ಕೂತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿ ಅವಳು ಅತ್ತೆ ಹೇಳಿದ ಕೆಲಸವನ್ನು ಮಾಡದೆ ಕೂತದ್ದು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಫುಸಾ ಒಂದು ಹೂವಿನ ಎಸಳನ್ನೆಲ್ಲ ಕಿತ್ತು, ಇನ್ನೂ ಕೀಳಲು ಹೋಗಿ ಬರಿಯ ತೊಟ್ಟು ಹಿಸುಕಿದರು.

"ನನ್ನಿಂದ," ಅಂದರು. "ಮನೇಲಿ ಇನ್ಯಾರಿದ್ದಾರೆ? ನನ್ನ ಹೆಸರು ಹಾಕು."

ಚಿಗುಸಾ ಹಾಕಿದಳು. ಬೈ ಫುಸಾ. ಕಣ್ಣು ಮಂಜಾಗಿ ಸಾಲು ಕಾಣಲಿಲ್ಲ. ತೋಳಿನಿಂದ ಒರೆಸಿಕೊಂಡಳು.

"ಓದು ಒಂದ್ಸಲ."

"ಚಿಗುಸಾ ಈಸ್ ದಿ ಡಾಟರ್ ಇನ್ ಲಾ ಹೂ ಈಸ್ ಆಲ್ವೇಸ್ ರಿಲೈಡ್ ಆನ್ ಬೈ ಫುಸಾ."

"ಫುಸಾ ಅಂತ ಕೇಳಿಸ್ತು. ಉಳಿದಿದ್ದು ಗೊತ್ತಾಗಲಿಲ್ಲ." ಇನ್ನೊಂದು ಹೂವು ಎತ್ತಿಕೊಂಡು ಕೇಳಿದರು, "ಇದು ಈಗಿಂದೋ, ಹಿಂದಿಂದೋ?"

"ಈಗಿಂದು ಅಮ್ಮ."

"ಮುಂದಿನ ವರ್ಷ ಯಾರಾದ್ರೂ ಓದಿದ್ರೆ?"

"ಆಗಲೂ ಈಗಿಂದೇ. 'ಈಸ್' ಅಂದ್ರೆ ಹಾಗೇ."

"ಹಾಗಾದ್ರೆ ಸುಳ್ಳಾಗಬಾರದಲ್ಲ. ಅಚ್ಚು ಹಾಕಿದ ಮೇಲೆ ಅಳಿಸೋಕಾಗಲ್ಲ. ಸಂಘದವರು ಬೇರೆ ಬಲು ಖಡಕ್ಕು." ಫುಸಾ ಎಸಳಿನ ರಾಶಿಯನ್ನು ಸುಮ್ಮಸುಮ್ಮನೆ ಆ ಕಡೆಯಿಂದ ಈ ಕಡೆಗೆ ತಳ್ಳಿದರು. "ನಾಗೊಯಾದಲ್ಲಿ ಕೂತವಳನ್ನ ಇಲ್ಲಿ ನೆಚ್ಚಿಕೊಂಡಿದೀನಿ ಅಂತ ಬರೆದ್ರೆ, ನಾಳೆ ಓದಿದವರು ನಗಲ್ವಾ?"

ಚಿಗುಸಾ ಬೆಚ್ಚಿಬಿದ್ದಳು. "ನಾಗೊಯಾ ವಿಷಯ ನಿಮಗೆ ಯಾರು ಹೇಳಿದ್ರು?"

"ನಿಮ್ಮಕ್ಕ ಫೋನಲ್ಲಿ ಮಾತಾಡಲ್ಲ ಕಣೇ, ಕಿರುಚ್ತಾಳೆ. ಸ್ನಾನದ ಮನೇಲಿದ್ದೋರಿಗೂ ಕೇಳಿಸತ್ತೆ."

ನಗಬೇಕೋ ಅಳಬೇಕೋ ತಿಳಿಯದೆ ಚಿಗುಸಾ ಎರಡನ್ನೂ ಮಾಡಿದಳು. ಆಮೇಲೆ ನೋಟುಬುಕ್ಕು ಮುಚ್ಚಿ ಪಕ್ಕಕ್ಕಿಟ್ಟಳು.

"ಅಮ್ಮ, ಪುಸ್ತಕ ಮುಚ್ಚಿದೀನಿ. ಸಂಘದವರೂ ಇಲ್ಲ, ಮೇಷ್ಟ್ರೂ ಇಲ್ಲ. ಹೇಳೋದಿದ್ರೆ ನೆಟ್ಟಗೆ ಹೇಳಿ."

ಮುದುಕಿ ಕಿಟಕಿಯ ಕಡೆ ನೋಡಿದರು. ಈಗ ಮಳೆ ಬರುವ ಹಾಗಿದೆ ಅನ್ನುತ್ತಾರೆ ಎಂದುಕೊಂಡಳು ಚಿಗುಸಾ. ಫುಸಾ ಹಾಗೆ ಅನ್ನಲಿಲ್ಲ. ತಿರುಗಿ, ನೇರಳೆ ಬಣ್ಣ ಹತ್ತಿದ ಬೆರಳಿನಿಂದ ಸೊಸೆಯ ಮೊಣಕೈ ಹಿಡಿದುಕೊಂಡರು.

"ಹೋಗ್ಬೇಡ ಕಣೇ. ನಂಗೆ ನೀನು ಬೇಕು."

ಇಷ್ಟು ಹೇಳಿ ಅವರಿಗೇ ಗಾಬರಿಯಾಗಿ, "ನೀರು ಕುದ್ದು ಕುದ್ದು ಆವಿಯಾಗ್ತಿದೆ, ಕಣ್ಣು ಕಾಣಲ್ವಾ ನಿಂಗೆ?" ಎಂದು ಗದರಿದರು. ಚಿಗುಸಾ ಎದ್ದು ಉರಿ ತಗ್ಗಿಸಿದಳು. ಬೆನ್ನು ತಿರುಗಿಸಿಕೊಂಡೇ, "ಹೋಗಲ್ಲಮ್ಮ," ಅಂದಳು. ಬಿಕ್ಕಿ ಬಿಕ್ಕಿ ಅತ್ತಳು. ಸಂತೋಷಕ್ಕೇ ಅತ್ತದ್ದು, ಅದರಲ್ಲಿ ಅನುಮಾನವೇ ಬೇಡ. ಸಂಜೆ ಅಕ್ಕನಿಗೆ ಫೋನು ಮಾಡಿದಾಗ ಕಾಸುಮಿ ಎಷ್ಟು ಕಿರುಚಿದಳೆಂದರೆ, ಫುಸಾ ಮಹಡಿಯಿಂದಲೇ ಕೇಳಿಸಿಕೊಂಡರು.

ಗುರುವಾರ ಬೆಳಿಗ್ಗೆ ಚಿಗುಸಾ ಆರು ವಾಕ್ಯಗಳನ್ನು ತಿದ್ದಿಸಲು ಮುರೋಯಿ ಮೇಷ್ಟ್ರ ಮನೆಗೆ ಹೋದಳು. ಮೇಷ್ಟ್ರು ಕೆಂಪು ಪೆನ್ಸಿಲು ಹಿಡಿದು ಒಂದೊಂದೇ ಓದುತ್ತ ಬಂದರು. ಬಿಸಿನೀರು ಸರಿ. ಅನ್ನ ಸರಿ. ಕಣಿವೆಗೆ ಒಂದು ಅಕ್ಷರ ಸೇರಿಸಿದರು. ಆರನೆಯದಕ್ಕೆ ಬಂದು ಹುಬ್ಬೇರಿಸಿ ಹಿಗ್ಗಿದರು.

"ಭೇಷ್! ಮಗು ಸರಿಯಾಗಿ ಮಧ್ಯದಲ್ಲೇ ಮಲಗಿದೆ. ಆದರೆ ಈ ಕೊನೇದು ಬೇಡ, ಚಿಗುಸಾ ಸಾನ್. ನಿನ್ನೆ ಪಾಠದಲ್ಲಿ ಹೇಳೋಕೆ ಮರೆತೆ. ಯಾರಿಂದ ಅಂತ ಎಲ್ಲರಿಗೂ ಗೊತ್ತಿರೋವಾಗ ಇಂಗ್ಲಿಷಿನವರು ಅದನ್ನ ಬಿಟ್ಟುಬಿಡ್ತಾರೆ. ಸೊಸೆ ಅಂದ ಮೇಲೆ ಅತ್ತೆ ಅಂತ ಗೊತ್ತೇ ಇದೆಯಲ್ಲ. 'ಬೈ ಫುಸಾ' ಹೊಡೆದುಹಾಕ್ತೀನಿ, ವಾಕ್ಯ ಹಗುರಾಗತ್ತೆ."

ಪೆನ್ಸಿಲಿನ ಮೊನೆ ಕಾಗದಕ್ಕೆ ತಾಗುವಷ್ಟರಲ್ಲಿ ಚಿಗುಸಾಳ ಅಂಗೈ ಅಡ್ಡ ಬಂತು.

"ಮೇಷ್ಟ್ರೇ, ಬೇಕಾದ್ರೆ ಬಿಸಿನೀರು ಹೊಡೆದುಹಾಕಿ, ಕಣಿವೆ ಹೊಡೆದುಹಾಕಿ. ಈ ಎರಡು ಪದಕ್ಕೆ ನಾನು ಇಪ್ಪತ್ತೆರಡು ವರ್ಷ ಕಾದಿದೀನಿ."